ಧರೆಗೋಡೆಯ ತೂತು ಮುಚ್ಚಬೇಡಿ: ಒಂದು ಸ್ಪಷ್ಟನೆ

‘ಮನೆ ಹಿಂದಿನ ಧರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಕಟ್ಟಿದ ಗೋಡೆಯಲ್ಲಿ ತೂತು ಬಿಟ್ಟರೆ ಮಣ್ಣು ಸವೆಯುತ್ತದೆ, ಸಿಮೆಂಟ್ ಹಾಕಿ ಮುಚ್ಚಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಮಲೆನಾಡಿನ ಮಳೆಗಾಲದಲ್ಲಂತೂ ಅಪಾಯ.

ತೂತು ಮುಚ್ಚಿದರೆ ನೀರಿಗೆ ಹೊರಹೋಗಲು ದಾರಿ ಇರುವುದಿಲ್ಲ. ಗೋಡೆ ಹಿಂದೆ 2 ಮೀಟರ್ ಎತ್ತರಕ್ಕೆ ನೀರು ನಿಂತರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2 ಟನ್ ಒತ್ತಡ ಬೀಳುತ್ತದೆ, ಅದೂ ನೀರಿನದ್ದು ಮಾತ್ರ. ಮೊದಲು ಗೋಡೆ ನಡುವೆ ಹೊಟ್ಟೆ ಬರುತ್ತದೆ, ಆಮೇಲೆ ಬಿರುಕು.

ಮಣ್ಣು ಹೊರಬರುವುದು ತೂತಿನಿಂದಲ್ಲ, ಅದರ ಹಿಂದೆ ಸೋಸುವ ಪದರ ಇಲ್ಲದ್ದರಿಂದ. 75 ಮಿಮೀ ಪಿವಿಸಿ ಪೈಪನ್ನು ಒಂದರಿಂದ ಒಂದೂವರೆ ಮೀಟರಿಗೊಂದರಂತೆ, ಹೊರಕ್ಕೆ ತುಸು ಇಳಿಜಾರಾಗಿ ಇಡಿ. ಅದರ ಹಿಂದೆ 30 ಸೆಂಮೀ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ). ಪ್ಲಾಸ್ಟಿಕ್ ಹಾಳೆ ಬೇಡ, ಅದು ನೀರನ್ನೇ ತಡೆಯುತ್ತದೆ.

ಹಳೆಯ ಗೋಡೆಯ ತೂತಿನಿಂದ ಕೆಸರುನೀರು ಬರುತ್ತಿದ್ದರೂ ಮುಚ್ಚಬೇಡಿ. ಬೇಸಿಗೆಯಲ್ಲಿ ಹಿಂಬದಿ ಅಗೆದು ಜಲ್ಲಿ ತುಂಬಿಸಿ. ಧರೆಯ ತಲೆಯ ಮೇಲೊಂದು ಚರಂಡಿ ತೆಗೆದು, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ಚರಂಡಿಗೆ ಕಲ್ಲೋ ಕಾಂಕ್ರೀಟೋ ಹಾಸಿರಬೇಕು, ಬರೀ ಮಣ್ಣಿನ ಕಾಲುವೆಯಾದರೆ ನೀರು ಅಲ್ಲೇ ಇಂಗಿ ಧರೆಯೊಳಕ್ಕೇ ಇಳಿಯುತ್ತದೆ.

ಧರೆಯ ಮಣ್ಣು ಹಿಡಿದಿಡಲು ಲಾವಂಚದ ಹುಲ್ಲು ನೆಡುವುದು ಒಳ್ಳೆಯದೇ: ಇಳಿಜಾರಿಗೆ ಅಡ್ಡಸಾಲಾಗಿ, 10ರಿಂದ 15 ಸೆಂಮೀ ಅಂತರದಲ್ಲಿ, ಮುಂಗಾರಿನ ಆರಂಭದಲ್ಲಿ. ಆದರೆ ಅದು ಗೋಡೆಗೆ ಬದಲಿಯಲ್ಲ.