ಗ್ರಹಣ ಬಿಟ್ಟರೂ ಚಾನೆಲ್ ಬಿಡದು

ಗ್ರಹಣ ಸೂರ್ಯನನ್ನೋ ಚಂದ್ರನನ್ನೋ ಹಿಡಿಯುವುದಕ್ಕೆ ಮೂರು ದಿನ ಮೊದಲೇ ನಮ್ಮ ಸುದ್ದಿವಾಹಿನಿಗಳನ್ನು ಹಿಡಿದಿರುತ್ತದೆ. ಪರದೆಯ ಮೂಲೆಯಲ್ಲಿ ಗಡಿಯಾರ ಹಿಮ್ಮುಖವಾಗಿ ಓಡತೊಡಗುತ್ತದೆ. ನಡುವೆ ಒಂದು ಹಸಿರು ಹಾವು ಕೆಂಡದಂಥ ಸೂರ್ಯನನ್ನು ನುಂಗುತ್ತದೆ, ಉಗುಳುತ್ತದೆ, ಮತ್ತೆ ನುಂಗುತ್ತದೆ. ಪಾಪ, ಮೂರು ದಿನವೂ ಅದಕ್ಕೆ ಅರಗುವುದಿಲ್ಲ. ಹಿನ್ನೆಲೆಯಲ್ಲಿ ಕುಸಿಯುವ ಕಟ್ಟಡಗಳು, ಕೊಚ್ಚಿಹೋಗುವ ಕಾರುಗಳು, ಹೊತ್ತಿ ಉರಿಯುವ ಕಾಡು. ಅವು ಯಾವ ದೇಶದವು, ಯಾವ ವರ್ಷದವು ಎಂದು ಕೇಳುವುದು ಅಶುಭ.

ಸ್ಟುಡಿಯೋದಲ್ಲಿ ನಾಲ್ವರು ಜ್ಯೋತಿಷಿಗಳು. ಒಬ್ಬರ ಮುಂದೆ ಕವಡೆ, ಇನ್ನೊಬ್ಬರ ಮುಂದೆ ಲ್ಯಾಪ್‌ಟಾಪ್, ಉಳಿದಿಬ್ಬರ ಮುಂದೆ ಪರಸ್ಪರ ಅಸಮಾಧಾನ. ಸಮತೋಲನ ಇರಲಿ ಎಂದು ಒಬ್ಬ ವಿಜ್ಞಾನ ಶಿಕ್ಷಕರನ್ನೂ ಕರೆಸಿರುತ್ತಾರೆ. ಅವರು ಕಿತ್ತಳೆ, ನಿಂಬೆಹಣ್ಣು, ಟಾರ್ಚು ಎಲ್ಲವನ್ನೂ ಚೀಲದಲ್ಲಿ ಹೊತ್ತು ಬಂದಿರುತ್ತಾರೆ. ಟಾರ್ಚ್ ಹೊತ್ತಿಸುವಷ್ಟರಲ್ಲಿ ನಿರೂಪಕರು, ‘ಸರ್, ಚುಟುಕಾಗಿ ಹೇಳಿಬಿಡಿ, ಸಿಂಹ ರಾಶಿಯವರು ಆತಂಕದಲ್ಲಿದ್ದಾರೆ’ ಎನ್ನುತ್ತಾರೆ. ಚರ್ಚೆ ಮುಗಿಯುವ ಹೊತ್ತಿಗೆ ಆ ನಿಂಬೆಹಣ್ಣು ದೃಷ್ಟಿ ತೆಗೆಯಲು ಪಕ್ಕದವರ ಪಾಲಾಗಿರುತ್ತದೆ.

ಈ ರಾಶಿಫಲದ ಲೆಕ್ಕವನ್ನು ಒಮ್ಮೆ ನೋಡಬೇಕು. ಗ್ರಹಣದ ಫಲ ನಾಲ್ಕು ರಾಶಿಗೆ ಶುಭ, ನಾಲ್ಕಕ್ಕೆ ಮಿಶ್ರ, ನಾಲ್ಕಕ್ಕೆ ಅಶುಭ ಎಂಬುದು ಸಂಪ್ರದಾಯ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಹನ್ನೆರಡು ರಾಶಿಗೆ ಸಮನಾಗಿ ಹಂಚಿದರೆ, ಒಂದೊಂದು ಗ್ರಹಣಕ್ಕೂ ಎರಡು ಕೋಟಿ ಕನ್ನಡಿಗರು ಗಂಡಾಂತರದಲ್ಲಿರುತ್ತಾರೆ. ವರ್ಷಕ್ಕೆ ಭೂಮಿಯ ಮೇಲೆ ಕನಿಷ್ಠ ನಾಲ್ಕು ಗ್ರಹಣ. ಇಷ್ಟಾದರೂ ಮರುದಿನ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಜನ ಕಡಿಮೆಯಾದದ್ದನ್ನು ಯಾರೂ ಕಂಡಿಲ್ಲ. ‘ನಿನ್ನೆ ಹೇಳಿದ್ದೇನಾಯಿತು?’ ಎಂಬ ಕಾರ್ಯಕ್ರಮವನ್ನು ಯಾವ ವಾಹಿನಿಯೂ ಮಾಡಿಲ್ಲ. ಪರಿಹಾರ ಮಾಡಿಸಿದವರು ಪರಿಹಾರದಿಂದ ಉಳಿದರು, ಮಾಡಿಸದವರು ಪೂರ್ವಪುಣ್ಯದಿಂದ ಉಳಿದರು. ಈ ವ್ಯಾಪಾರದಲ್ಲಿ ನಷ್ಟ ಎಂಬುದೇ ಇಲ್ಲ.

ಪರಿಹಾರವಾದರೂ ಎಂಥದ್ದು! ಚಂದ್ರನಿಗೆ ಅಕ್ಕಿ, ಸೂರ್ಯನಿಗೆ ಗೋಧಿ, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ಪಡಿತರ ಅಂಗಡಿಯಲ್ಲೂ ಇಷ್ಟು ಬಗೆ ಸಿಗುವುದಿಲ್ಲ. ಉಪ್ಪಿನಕಾಯಿ ಜಾಡಿಗೆ, ಮೊಸರಿನ ಪಾತ್ರೆಗೆ ದರ್ಭೆ ಹಾಕುವುದು ಅಜ್ಜಿಯ ಕಾಲದ ಕ್ರಮ. ಈಗ ಅದು ಫ್ರಿಡ್ಜಿಗೂ, ಸಂಪಿಗೂ, ನೀರು ಶುದ್ಧೀಕರಿಸುವ ಯಂತ್ರಕ್ಕೂ ವಿಸ್ತರಿಸಿದೆ. ದರ್ಭೆಯ ಅಗತ್ಯ ನಿಜವಾಗಿ ಇರುವ ಉಪಕರಣ ಮನೆಯಲ್ಲಿ ಒಂದೇ. ಅದು ಗೋಡೆಯ ಮೇಲೆ ನೇತಾಡುತ್ತ ಅದೇ ಹೊತ್ತಿಗೆ ಹಾವು ತೋರಿಸುತ್ತಿರುತ್ತದೆ.

ಇನ್ನು ಒನಕೆ. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ತಾನೇ ನಿಲ್ಲುತ್ತದೆ, ಬಿಟ್ಟಾಗ ತಾನೇ ಬೀಳುತ್ತದೆ ಎಂಬ ನಂಬಿಕೆ ಕೆಲವು ಊರುಗಳಲ್ಲಿ ಹಿಂದಿನಿಂದಲೂ ಇತ್ತು. ಅದು ಆ ಊರಿನ ಅಂಗಳದಲ್ಲೇ ಇತ್ತು. ಈಗ ವರದಿಗಾರರು ಆ ಅಂಗಳಕ್ಕೆ ಹೋಗಿ, ಮೊಣಕಾಲೂರಿ, ಉಸಿರು ಬಿಗಿಹಿಡಿದು ‘ವೀಕ್ಷಕರೇ, ನೀವೇ ನೋಡುತ್ತಿದ್ದೀರಿ, ಯಾವ ಆಧಾರವೂ ಇಲ್ಲ’ ಎನ್ನುತ್ತಾರೆ. ಆಧಾರ ಕೆಳಗೇ ಇದೆ: ತಳ ಚಪ್ಪಟೆ, ಅದಕ್ಕೊಂದು ಕಬ್ಬಿಣದ ಬಳೆ. ನೆಟ್ಟಗೆ ಹಿಡಿದು ಮೆಲ್ಲಗೆ ಕೈಬಿಟ್ಟರೆ ಯಾವ ಮಂಗಳವಾರವಾದರೂ ನಿಲ್ಲುತ್ತದೆ. ಕಷ್ಟ ಬರುವುದು ಮೋಕ್ಷಕಾಲದಲ್ಲಿ. ಗ್ರಹಣ ಬಿಟ್ಟು ಹತ್ತು ನಿಮಿಷವಾದರೂ ಒನಕೆ ಬೀಳಲೊಲ್ಲದು. ನೇರಪ್ರಸಾರದವರು ಪೇಚಿಗೆ ಸಿಲುಕಿ ಜಾಹೀರಾತಿಗೆ ಓಡುತ್ತಾರೆ. ಮರಳಿ ಬರುವಷ್ಟರಲ್ಲಿ ಮನೆಯಾಕೆಯ ಸೆರಗು ತಾಗಿಯೋ ಏನೋ, ಒನಕೆ ನೆಲದ ಮೇಲಿರುತ್ತದೆ. ಅದೇ ಸಂಜೆ, ಒನಕೆಯನ್ನೇ ಕಾಣದ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಯಾರೋ ಮಿಕ್ಸಿಯ ಜಾರನ್ನು ನೀರಿನಲ್ಲಿ ನಿಲ್ಲಿಸಿ ಫೋಟೊ ಹಂಚುತ್ತಾರೆ. ಒಂದು ಊರಿನ ಮುಗ್ಧತೆಯನ್ನು ಇಡೀ ರಾಜ್ಯದ ಕಾರ್ಯಕ್ರಮವಾಗಿ ಮಾಡಿದ ಕೀರ್ತಿ ವಾಹಿನಿಗಳದ್ದೇ.

ತಮಾಷೆಯೆಂದರೆ, ಪರದೆಯ ಮೂಲೆಯ ಗಡಿಯಾರ ಮಾತ್ರ ಸುಳ್ಳು ಹೇಳುವುದಿಲ್ಲ. ಸ್ಪರ್ಶ ಇಷ್ಟು ಗಂಟೆಗೆ, ಮೋಕ್ಷ ಇಷ್ಟು ಗಂಟೆಗೆ ಎಂಬುದು ನಿಮಿಷ ತಪ್ಪದೆ ಸರಿಯಾಗುತ್ತದೆ, ಏಕೆಂದರೆ ಅದು ನೆರಳಿನ ಗಣಿತ. ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು ಎಂದು ಆರ್ಯಭಟ ಸಾವಿರದ ಐನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಸಮಯ ಆರ್ಯಭಟನ ದಾರಿಯದು, ಫಲ ಹಾವಿನದು. ನಮ್ಮ ಪೂರ್ವಜರು ಎಲ್ಲವನ್ನೂ ಕಂಡುಹಿಡಿದಿದ್ದರು ಎಂದು ವಾರವಿಡೀ ಎದೆ ತಟ್ಟಿಕೊಳ್ಳುವ ನಿರೂಪಕರು, ಅವರು ನಿಜವಾಗಿ ಕಂಡುಹಿಡಿದದ್ದನ್ನು ಗ್ರಹಣದ ದಿನ ಹೊರಗೆ ನಿಲ್ಲಿಸುತ್ತಾರೆ.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹೊತ್ತು ಜಮಖಂಡಿಗೆ ಬಂದಿದ್ದ. ಸೂರ್ಯನ ಅಂಚಿನ ಬೆಳಕನ್ನು ವಿಜ್ಞಾನಿಗಳು ಬಿಡಿಸಿ ನೋಡಿದ್ದು ಅದೇ ಗ್ರಹಣದಲ್ಲಿ. ಹೀಲಿಯಂ ಸಿಕ್ಕಿದ್ದು ಆ ಜಾಡಿನಲ್ಲೇ. 1980ರ ಫೆಬ್ರುವರಿ 16ರಂದು ಹಾಡಹಗಲೇ ಕತ್ತಲಾದ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆಯೇ ಹಾದುಹೋಯಿತು. ವಿಜ್ಞಾನಿಗಳು ದುರ್ಬೀನು ಹೊತ್ತು ಉತ್ತರ ಕರ್ನಾಟಕಕ್ಕೆ ಬಂದರು. ಆ ಮಧ್ಯಾಹ್ನ ದೂರದರ್ಶನ ಒಂದು ಸಿನಿಮಾ ಹಾಕಿ, ಟಿ.ವಿ. ಇದ್ದವರನ್ನು ಮನೆಯೊಳಗೆ ಕೂರಿಸಿತು. ಅಂದಿನ ಟಿ.ವಿ.ಗೆ ಒಂದೇ ಸಿನಿಮಾ ಸಾಕಾಗಿತ್ತು ಎಂಬುದನ್ನು ಅದರ ಸಂಯಮವೆಂದೇ ಭಾವಿಸಬೇಕು.

2019ರ ಡಿಸೆಂಬರ್ 26. ಮಂಗಳೂರು, ಕೊಡಗಿನ ಕುಟ್ಟದ ಕಡೆ ಸೂರ್ಯ ಬಳೆಯಾದ ಬೆಳಿಗ್ಗೆ. ಅದೇ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದರು, ಗುಣವಾಗಲಿ ಎಂದು. ತಾಯ್ತಂದೆಯರನ್ನು ಬೈಯುವುದು ಸುಲಭ. ಅವರು ಆಸ್ಪತ್ರೆಗಳ ಮೆಟ್ಟಿಲು ಸವೆಸಿದ್ದರೋ ಏನೋ ಯಾರು ಬಲ್ಲರು. ಆ ನಂಬಿಕೆಯನ್ನು ಟಿ.ವಿ. ಹುಟ್ಟಿಸಲಿಲ್ಲ, ಒಪ್ಪಿದೆ. ಆದರೆ ವಾರವಿಡೀ ಗ್ರಹಣಕ್ಕೆ ಮಹಾಶಕ್ತಿಯಿದೆ ಎಂದು ಸಾರಿದ ಪರದೆಗಳೇ ಆ ಮಧ್ಯಾಹ್ನ ‘ಇದೆಂಥ ಮೌಢ್ಯ!’ ಎಂದು ಹುಬ್ಬೇರಿಸಿದವು. ಆ ಹುಬ್ಬಿನ ಕೆಳಗಿನ ಪಟ್ಟಿಯಲ್ಲಿ ಮಕರ ರಾಶಿಯವರಿಗೆ ಎಚ್ಚರಿಕೆ ಓಡುತ್ತಿದ್ದರೆ ಅದನ್ನು ಯಾರು ಗಮನಿಸಬೇಕು?

ಮುಂದಿನ ತಿಂಗಳೇ, 2020ರ ಜನವರಿಯಲ್ಲಿ, ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂತು. ಜ್ಯೋತಿಷ ಮತ್ತು ವಾಸ್ತುವನ್ನು ಅದರಿಂದ ಹೊರಗಿಟ್ಟಿದ್ದಾರೆ. ಶಾಸಕರಿಗೂ ರಾಶಿಗಳಿವೆಯಲ್ಲ.

ಗ್ರಹಣ ಕಾಣಿಸಲೇಬೇಕೆಂಬ ನಿಯಮವೂ ಈಗ ಇಲ್ಲ. 2024ರ ಏಪ್ರಿಲ್ 8ರ ಸೂರ್ಯಗ್ರಹಣ ಭಾರತದಲ್ಲಿ ಕಾಣಲಿಲ್ಲ. ಅದು ಸಂಭವಿಸುವಾಗ ನಮ್ಮಲ್ಲಿ ರಾತ್ರಿ, ಬೆಳಗಾದರೆ ಯುಗಾದಿ. ಪಂಚಾಂಗವೇ ‘ಆಚರಣೆ ಇಲ್ಲ’ ಎಂದು ಕೈ ತೊಳೆದುಕೊಂಡರೂ ‘ಕಾಣದಿದ್ದರೂ ಕಾಡುವುದೇ?’ ಎಂಬ ಪ್ರಶ್ನಾರ್ಥಕ ಚಿಹ್ನೆಗೆ ಯಾರ ಅನುಮತಿಯೂ ಬೇಕಿಲ್ಲ. ಡಲ್ಲಾಸ್‌ನಲ್ಲಿರುವ ಮಗ ಸುಮಾರು ನಾಲ್ಕು ನಿಮಿಷದ ಕತ್ತಲನ್ನು ಸಹೋದ್ಯೋಗಿಗಳ ಜೊತೆ ಮೈದಾನದಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡುತ್ತಾನೆ. ದಾವಣಗೆರೆಯಲ್ಲಿ ಅವನ ತಾಯಿ ನಡುರಾತ್ರಿ ಎದ್ದು ಕೂತು, ‘ಏನಪ್ಪಾ, ಊಟ ಮಾಡಿದೆಯಾ?’ ಎಂದು ಜೀವನದಲ್ಲಿ ಮೊದಲ ಬಾರಿಗೆ ಆತಂಕದಿಂದ ಕೇಳುತ್ತಾರೆ. ‘ಮಾಡಿದೆ’ ಎಂಬ ಉತ್ತರ ಬಂದರೆ ಅಳುತ್ತಾರೆ.

ವಾಹಿನಿಗಳಿಗೆ ಇನ್ನೂ ಒಳ್ಳೆಯ ಮುಹೂರ್ತವೊಂದಿದೆ. 2026ರ ಆಗಸ್ಟ್ 12ರ ಖಗ್ರಾಸ ಸೂರ್ಯಗ್ರಹಣ ಐಸ್‌ಲ್ಯಾಂಡ್, ಸ್ಪೇನ್ ಕಡೆಯದು, ನಮಗೆ ಕಾಣುವುದಲ್ಲ. ಆದರೆ ಅಂದೇ ನಮ್ಮಲ್ಲಿ ಭೀಮನ ಅಮಾವಾಸ್ಯೆ, ಹೆಂಡತಿಯರು ಗಂಡನ ಪಾದಪೂಜೆ ಮಾಡುವ ದಿನ. ಸ್ಪೇನಿನ ನೆರಳು ತುಮಕೂರಿನ ಗಂಡನ ಪಾದಕ್ಕೆ ತಾಗುವುದೇ, ತಾಗಿದರೆ ಎಡಗಾಲಿಗೋ ಬಲಗಾಲಿಗೋ, ವೃಶ್ಚಿಕ ರಾಶಿಯ ಗಂಡಂದಿರು ಅಂದು ಕಾಲನ್ನು ಎಲ್ಲಿ ಇಟ್ಟುಕೊಳ್ಳಬೇಕು? ನಾಲ್ಕು ಕುರ್ಚಿ ಸಾಲುವುದಿಲ್ಲ, ಐದನೆಯದನ್ನು ಹಾಕಿಸಲಿ.