ಸೌದೆಗೆ ದುಡ್ಡೋ, ನೀರಿಗೆ ದುಡ್ಡೋ

ಆಸ್ಟ್ರಿಯದ ಸ್ಟೈರಿಯ ಪ್ರಾಂತ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ಇಲ್ಲಿನ ಗ್ರಾಜ್‌ನಲ್ಲಿ ನೆಲೆಸಿರುವ ನಮ್ಮನ್ನು ಊರಿನವರು ಕೇಳುವುದುಂಟು: ಅಷ್ಟು ಮುಂದುವರಿದ ದೇಶದಲ್ಲಿ ಇನ್ನೂ ಸೌದೆ ಉರಿಸ್ತಾರಾ? ಉರಿಸುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಶಾಲೆ, ಪುರಸಭೆ ಕಟ್ಟಡ, ವಸತಿ ಸಮುಚ್ಚಯಗಳನ್ನು ಚಳಿಗಾಲವಿಡೀ ಬೆಚ್ಚಗಿಡುವುದು ಸೌದೆಯೇ. ಇಲ್ಲಿಯ ಬಾಯ್ಲರ್ ಕಂಡು ಬೆರಗಾಗುವವರು ಇಲ್ಲಿಯ ಬಿಲ್ಲನ್ನೂ ಒಮ್ಮೆ ನೋಡಬೇಕು.

ಕೆಲವು ರೈತರು ಗುಂಪು ಕಟ್ಟಿಕೊಂಡು, ತಮ್ಮದೇ ಬಂಡವಾಳ ಹಾಕಿ ಶಾಲೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ಕೂರಿಸುತ್ತಾರೆ. ಶಾಲೆ ಅವರಿಂದ ಸೌದೆ ಕೊಳ್ಳುವುದಿಲ್ಲ, ಶಾಖ ಕೊಳ್ಳುತ್ತದೆ. ಬಾಯ್ಲರಿನ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗೆ ಮಾಡಿ ಮರಳುತ್ತದೆ. ಆ ಕೊಳವೆಗೆ ಕೂರಿಸಿದ ಮೀಟರ್ ನೀರಿನ ಹರಿವನ್ನೂ, ಹೋಗುವ ಮತ್ತು ಮರಳುವ ನೀರಿನ ಉಷ್ಣತೆಯನ್ನೂ ಅಳೆದು, ಕರೆಂಟಿನಂತೆಯೇ ಶಾಖವನ್ನೂ ಯೂನಿಟ್ (ಕಿಲೋವ್ಯಾಟ್-ಗಂಟೆ) ಲೆಕ್ಕದಲ್ಲಿ ಕೊಡುತ್ತದೆ. ಬಾಯ್ಲರಿಗೆ ಹಸಿ ಮರದ ಚಕ್ಕೆ ತುಂಬಿದರೆ ನಷ್ಟ ರೈತರದ್ದೇ. ಹಾಗಾಗಿ ಒಣಗಿಸುವ ಕೆಲಸಕ್ಕೆ ಯಾರೂ ಅವರಿಗೆ ಉಪದೇಶ ಮಾಡಬೇಕಿಲ್ಲ.

ನಮ್ಮಲ್ಲಿ ಹಾಸ್ಟೆಲ್ಲಿಗಾಗಲಿ ಕಲ್ಯಾಣ ಮಂಟಪಕ್ಕಾಗಲಿ ಸೌದೆ ಬರುವುದು ಟನ್ ಲೆಕ್ಕದಲ್ಲಿ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂಥ ಸೌದೆಯ ಒಂದು ಕಿಲೋದಲ್ಲಿ ಸುಮಾರು 2.3 ಯೂನಿಟ್ ಶಾಖ. ತೇವ ಶೇ 20ಕ್ಕೆ ಇಳಿದರೆ ಕಿಲೋಗೆ ಸುಮಾರು 4 ಯೂನಿಟ್. ಆದರೆ ಒಂದು ಟನ್ ಹಸಿ ಸೌದೆ ಅಷ್ಟು ಒಣಗುವಾಗ 625 ಕಿಲೋಗೆ ಇಳಿಯುತ್ತದೆ. ತೂಕಕ್ಕೆ ಕಾಸು ಸಿಗುವಲ್ಲಿ ಒಣಗಿಸುವ ವ್ಯಾಪಾರಿಯೇ ದಡ್ಡ.

ಒಣಗಿಸುವುದರಲ್ಲಿ ಗುಟ್ಟೇನಿಲ್ಲ. ಕಡಿದ ಕೂಡಲೇ ಸೀಳಬೇಕು, ಏಕೆಂದರೆ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ, ಗಾಳಿ ಹಾಯುವ ಕಡೆ ಒಟ್ಟಬೇಕು. ಹೊದಿಕೆ ತಲೆಯ ಮೇಲೆ ಮಾತ್ರ ಸಾಕು. ಪಕ್ಕಕ್ಕೂ ತಾಡಪಾಲು ಸುತ್ತಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ತೇವದ ಮೀಟರನ್ನು ತುಂಡಿನ ತುದಿಗೆ ಚುಚ್ಚಿ ತೃಪ್ತಿಪಡಬೇಡಿ. ತುದಿ ಬೇಗ ಒಣಗಿರುತ್ತದೆ. ತುಂಡನ್ನು ಸೀಳಿ, ಒಳಮೈಯ ನಡುವೆ ಅಳೆಯಿರಿ. ಯಂತ್ರದಲ್ಲಿ ಚಕ್ಕೆ ಮಾಡುವವರೂ ಮೊದಲು ಮರ ಒಣಗಿಸುವುದೇ ಲೇಸು. ಹಸಿ ಚಕ್ಕೆಯ ರಾಶಿ ಒಳಗೊಳಗೇ ಬಿಸಿಯಾಗಿ ಕೊಳೆಯುತ್ತದೆ. ಚಕ್ಕೆಯ ನಡುವೆ ಉದ್ದನೆಯ ಸಿಬಿರು ಉಳಿದರೆ ಬಾಯ್ಲರಿಗೆ ಉಣಿಸುವ ತಿರುಪು ಸಿಕ್ಕಿಕೊಳ್ಳುತ್ತದೆ, ಅದೂ ಸಾಮಾನ್ಯವಾಗಿ ಭಾನುವಾರ ರಾತ್ರಿ.

ಇನ್ನು ಉರಿ. ಸೌದೆ ಬಾಯ್ಲರನ್ನು ಗಾಳಿ ಕಟ್ಟಿ ನಿಧಾನ ಉರಿಸುವುದು ದೊಡ್ಡ ತಪ್ಪು. ಹೊಗೆಯಲ್ಲಿರುವ ಟಾರ್ ಸುಡದೆ ಹೊಗೆಗೊಳವೆಗೆ ಅಂಟುತ್ತದೆ, ಒಂದು ದಿನ ಕೊಳವೆಯೇ ಹೊತ್ತಿಕೊಳ್ಳುತ್ತದೆ. ಇಲ್ಲಿಯ ಪದ್ಧತಿ ಪೂರಾ ಬಲದಲ್ಲಿ ಉರಿಸಿ, ಹೆಚ್ಚಾದ ಶಾಖವನ್ನು ನೀರಿನ ತೊಟ್ಟಿಯಲ್ಲಿ ಕೂಡಿಡುವುದು. ಬಾಯ್ಲರಿನ ಪ್ರತಿ ಕಿಲೋವ್ಯಾಟಿಗೆ 50-55 ಲೀಟರ್ ತೊಟ್ಟಿ ಬೇಕು, ಅಂದರೆ 30 ಕಿಲೋವ್ಯಾಟಿಗೆ ಸುಮಾರು 1,600 ಲೀಟರ್. ಮರಳಿ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯ ತೇವ ಬಾಯ್ಲರಿನ ಗೋಡೆಯ ಮೇಲೆ ಹನಿಗಟ್ಟಿ ಉಕ್ಕನ್ನು ತಿನ್ನುತ್ತದೆ. ಅದಕ್ಕಾಗಿ ಬಿಸಿನೀರನ್ನೇ ಸ್ವಲ್ಪ ಬೆರೆಸಿ ಒಳಬಿಡುವ ವಾಲ್ವ್ ಇರುತ್ತದೆ. ಖರ್ಚು ಉಳಿಸಲು ಈ ವಾಲ್ವನ್ನೂ ತೊಟ್ಟಿಯನ್ನೂ ಕೈಬಿಟ್ಟರೆ ದುಬಾರಿ ಬಾಯ್ಲರ್ ಕೂಡ ಹೊಗೆಗೂಡೇ.

ಪೆಲೆಟ್‌ಗಳಿಗೆ, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳಿಗೆ, ಈ ತಾಪತ್ರಯ ಕಡಿಮೆ. 6 ಮಿಲಿಮೀಟರ್ ದಪ್ಪ, ಶೇ 10ರೊಳಗೆ ತೇವ, ಎರಡು ಕಿಲೋ ಪೆಲೆಟ್ ಹೆಚ್ಚುಕಡಿಮೆ ಒಂದು ಲೀಟರ್ ಉರುವಲು ಎಣ್ಣೆಗೆ ಸಮ. ಆದರೆ ಪೆಲೆಟ್ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿಯಾಡಿಸದೆ ಒಳಹೊಕ್ಕವರು ಸತ್ತಿದ್ದಾರೆ. ಮತ್ತೊಂದು ಮಾತು: ಇಲ್ಲಿಯ ಪೆಲೆಟ್ ಬಾಯ್ಲರ್ ತರಿಸಿ ಅಡಕೆ ಸಿಪ್ಪೆ ಉರಿಸುತ್ತೇನೆ ಎನ್ನಬೇಡಿ. ಒಳ್ಳೆಯ ದರ್ಜೆಯ ಮರದ ಪೆಲೆಟ್ಟಿನ ಬೂದಿ 1,200 ಡಿಗ್ರಿವರೆಗೆ ಮೆತ್ತಗಾಗದು. ಪೊಟ್ಯಾಷ್ ಹೆಚ್ಚಿರುವ ಸಿಪ್ಪೆ, ಹುಲ್ಲುಗಳ ಬೂದಿ ಬಹಳ ಮೊದಲೇ ಕರಗಿ, ಗಟ್ಟಿ ಕಿಟ್ಟವಾಗಿ ಗಾಳಿಯ ತೂತು ಮುಚ್ಚುತ್ತದೆ. ಅದಕ್ಕೆ ಬೇರೆಯೇ ಜಾಲರಿ ಬೇಕು.

ಸೌದೆಯಿಂದ ಕರೆಂಟ್ ಮಾಡುವ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಸೌದೆ ಅನಿಲದಿಂದ (ಗಾಳಿ ಕಡಿಮೆ ಕೊಟ್ಟು ಸೌದೆ ಕಾಯಿಸಿದಾಗ ಬರುವ, ಉರಿಯಬಲ್ಲ ಅನಿಲ) ದೀಪ ಹೊತ್ತಿಸಿದರು. ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ಆಮೇಲೆ 500 ಕಿಲೋವ್ಯಾಟ್ ಘಟಕ ಬಂತು. ಆಸ್ಟ್ರಿಯದ ಗ್ಯುಸ್ಸಿಂಗ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ಹೆಸರಾಂತ ಘಟಕ 2 ಮೆಗಾವ್ಯಾಟ್ ವಿದ್ಯುತ್ತಿನ ಜೊತೆ 4.5 ಮೆಗಾವ್ಯಾಟ್ ಶಾಖವನ್ನೂ ಪಟ್ಟಣಕ್ಕೆ ಕೊಡುತ್ತಿತ್ತು. ಅದೂ 2016ರಲ್ಲಿ ನಿಂತಿತು. ಒಂದು ಯೂನಿಟ್ ವಿದ್ಯುತ್ತಿಗೆ ಕಿಲೋಗಿಂತ ಹೆಚ್ಚು ಒಣ ಸೌದೆ ಬೇಕು. ಮುಕ್ಕಾಲು ಪಾಲು ಶಕ್ತಿ ಶಾಖವಾಗಿ ಹೋಗುತ್ತದೆ. ಶಾಖಕ್ಕೆ ಗಿರಾಕಿ ಇದ್ದ ಊರಿನಲ್ಲೇ ಹೆಣಗಾಡಿದ್ದು, ಬಯಲುಸೀಮೆಯ ಹಳ್ಳಿಯಲ್ಲಿ ಹೇಗೆ ಗಿಟ್ಟೀತು? ಸೌದೆಯಿಂದ ನಮಗೆ ದಕ್ಕಬೇಕಾದದ್ದು ಶಾಖ: ಸ್ನಾನದ ನೀರು, ಹಾಸ್ಟೆಲ್ ಅಡುಗೆಯ ಹಬೆ, ಅಡಕೆ ಬೇಯಿಸುವುದು, ಏಲಕ್ಕಿ ಒಣಗಿಸುವುದು.

ಸೌದೆ ತನ್ನಷ್ಟಕ್ಕೇ ಇಂಗಾಲಮುಕ್ತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಶಾಖಕ್ಕೆ ಗ್ಯಾಸಿಗಿಂತ ಸುಮಾರು ಎರಡು ಪಟ್ಟು ಇಂಗಾಲದ ಡೈಆಕ್ಸೈಡ್ ಅದರ ಚಿಮಣಿಯಿಂದ ಬರುತ್ತದೆ. ಕಡಿದಷ್ಟು ಮತ್ತೆ ಬೆಳೆದರೆ, ಅಥವಾ ಉರಿಸುವುದು ಸಾಮಿಲ್ಲಿನ ಮರದ ಹೊಟ್ಟು, ಸವರಿದ ಕೊಂಬೆಯಾದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ದೂಳಿನ ಕಣಗಳ ಕಾಟ ಬೇರೆ. ಬೆಟ್ಟಗಳ ನಡುವಿನ ಗ್ರಾಜ್‌ನಲ್ಲಿ ಚಳಿಗಾಲದ ಗಾಳಿ ಕದಲದೆ ನಿಲ್ಲುತ್ತದೆ. ಮನೆಮನೆಯ ಹಳೆಯ ಒಲೆಗಳು ಇಲ್ಲಿ ಹೊರೆಯೇ.

ನೂರು ಮಕ್ಕಳ ಹಾಸ್ಟೆಲ್ ತೆಗೆದುಕೊಳ್ಳಿ. ತಲೆಗೆ 20 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಒಟ್ಟು 46 ಯೂನಿಟ್ ಶಾಖ ಸಾಕು. ಹಂಡೆ ಒಲೆಯ ದಕ್ಷತೆ ಶೇ 15 ಎಂದಿಟ್ಟುಕೊಂಡರೆ ದಿನಕ್ಕೆ 77 ಕಿಲೋ ಒಣ ಸೌದೆ. ತೊಟ್ಟಿಯಿರುವ ಬಾಯ್ಲರಿನಲ್ಲಿ ಶೇ 75 ಸಿಕ್ಕರೆ 15 ಕಿಲೋ ಚಿಲ್ಲರೆ. ಬಿಸಿಲು ಇರುವಾಗ ಸೋಲಾರ್ ನಡೆಯಲಿ. ಮಲೆನಾಡಿನಲ್ಲಿ ಸೋಲಾರ್ ಕೈಕೊಡುವುದೂ ಸೌದೆ ನೆನೆಯುವುದೂ ಒಂದೇ ಮಳೆಗಾಲದಲ್ಲಿ, ಹಾಗಾಗಿ ಮೇ ಮುಗಿಯುವುದರೊಳಗೆ ಒಣ ದಾಸ್ತಾನು ಸೂರಿನಡಿ ಇರಬೇಕು.

ಶಾಖದ ಮೀಟರ್ ನಾಳೆಯೇ ಬರದಿದ್ದರೂ ಟೆಂಡರಿನ ಷರತ್ತನ್ನು ಬದಲಿಸಬಹುದು. ಲೋಡಿನ ಬೇರೆಬೇರೆ ಕಡೆಯಿಂದ ತುಂಡು ಆರಿಸಿ ಕತ್ತರಿಸಿ, ತೂಗಿ, 105 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗುವುದು. ಉಳಿದ ಒಣ ತೂಕಕ್ಕೆ ಮಾತ್ರ ಹಣ.