ಮದುವೆಯ ಮಾತುಕತೆಯಲ್ಲಿ ಮಾಯವಾಗುವ ಮಾತ್ರೆ

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಗೆ ನಾವೆಲ್ಲ ನಗುತ್ತೇವೆ. ನಕ್ಕ ಮೇಲೂ ಅದರ ಎರಡನೆಯ ಅರ್ಧವನ್ನು ನಮ್ಮ ಎಷ್ಟೋ ಮನೆಗಳು ವೈದ್ಯರ ಚೀಟಿಯಷ್ಟೇ ನಿಷ್ಠೆಯಿಂದ ಪಾಲಿಸುತ್ತವೆ. ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನು ಇಂಗ್ಲೆಂಡಿನಲ್ಲಿ ಕುಳಿತು ಫೋನಿನಲ್ಲಿ ಈಗಲೂ ಕೇಳುತ್ತೇನೆ. ಹೇಳುವವರಲ್ಲಿ ಪದವೀಧರರೇ ಹೆಚ್ಚು.

ಮುಂದೆ ನಡೆಯುವುದನ್ನೂ ಕಂಡಿದ್ದೇನೆ. ಬಂಧುಬಳಗದ ಒಂದು ಮನೆಯಲ್ಲಿ ಹುಡುಗಿಯ ಮಾತ್ರೆಗಳನ್ನು ಹಾಳೆಯಿಂದ ಒಂದೊಂದಾಗಿ ಬಿಡಿಸಿ, ವಿಟಮಿನ್ ಡಬ್ಬಿಗೆ ತುಂಬಿ ಗಂಡನ ಮನೆಗೆ ಕಳುಹಿಸಿದರು. ಡಬ್ಬಿ ಬರಿದಾದ ಮೇಲೆ ಏನು ಎಂದು ಯಾರೂ ಯೋಚಿಸಿರಲಿಲ್ಲ. ಅವಳಿಗಿದ್ದುದು ಬೈಪೋಲಾರ್ ಕಾಯಿಲೆ, ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವಂಥದ್ದು. ಅದರಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟರೂ ಉನ್ಮಾದ ಕೆರಳಬಹುದು, ಮದುವೆ ಮನೆಯೆಂದರೆ ನಿದ್ದೆಗೇಡೇ. ಅದರ ಜೊತೆಗೆ ಕಾಯಿಲೆಯನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ಥಟ್ಟನೆ ನಿಂತರೆ ಕಾಯಿಲೆ ಮರುಕಳಿಸುವ ಸಂಭವ ಇನ್ನೂ ಹೆಚ್ಚು. ಇದೇ ಕಾಯಿಲೆಗೆ ಕೊಡುವ ವಾಲ್ಪ್ರೋಯೇಟ್‌ನಂತಹ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಬಸಿರಿಗೆ ಮೊದಲೇ ವೈದ್ಯರೊಡನೆ ಕುಳಿತು ಮಾತನಾಡಬೇಕು. ಕಾಯಿಲೆಯೇ ಗುಟ್ಟಾಗಿರುವಾಗ ಈ ಮಾತು ಬರುವುದಾದರೂ ಹೇಗೆ? ಕಡೆಗೆ ಕಾಯಿಲೆ ಮರುಕಳಿಸಿದಾಗ ನೆಂಟರ ತೀರ್ಪು ಸಿದ್ಧವಾಗಿತ್ತು: ಆ ಮಾತ್ರೆಗಳಿಂದಲೇ ಹೀಗಾಯಿತು.

ನಮ್ಮವರ ಬಾಯಲ್ಲಿ ಮನೋವೈದ್ಯರು ಬರೆದುಕೊಡುವುದೆಲ್ಲ ‘ನಿದ್ದೆ ಮಾತ್ರೆ’. ಆತಂಕಕ್ಕೂ ನಿದ್ದೆಗೂ ಕೊಡುವ ಕೆಲವು ಮಾತ್ರೆಗಳಿಗೆ ದೇಹ ಒಗ್ಗಿ, ಅವಿಲ್ಲದೆ ಆಗದಂತಾಗುವುದು ನಿಜ, ಆದ್ದರಿಂದಲೇ ಅವನ್ನು ಸಾಮಾನ್ಯವಾಗಿ ಸ್ವಲ್ಪ ಕಾಲಕ್ಕೆ ಮಾತ್ರ ಕೊಡುತ್ತಾರೆ. ಖಿನ್ನತೆಯ ಔಷಧಗಳ ದಾರಿಯೇ ಬೇರೆ. ಅವುಗಳ ಗುಣ ಕಾಣಲು ಕೆಲವು ವಾರಗಳು ಹಿಡಿಯುತ್ತವೆ. ಚೇತರಿಸಿಕೊಂಡ ಮೇಲೂ ಸುಮಾರು 6 ತಿಂಗಳು ಮುಂದುವರಿಸಲು ಹೇಳುತ್ತಾರೆ, ನಿಲ್ಲಿಸುವಾಗ ಹಂತಹಂತವಾಗಿ ಇಳಿಸುತ್ತಾರೆ. ಹತ್ತು ದಿನ ನುಂಗಿ ‘ಏನೂ ಪ್ರಯೋಜನವಿಲ್ಲ’ ಎಂದು ಬಿಟ್ಟವರು, ಥಟ್ಟನೆ ಬಿಟ್ಟು ತಲೆಸುತ್ತು ಬಂದೊಡನೆ ‘ಚಟ ಹಿಡಿಸಿಬಿಟ್ಟರು’ ಎಂದು ದೂರಿದವರು ಎರಡೂ ದೇಶಗಳಲ್ಲಿದ್ದಾರೆ.

ಇಂಗ್ಲೆಂಡಿನಲ್ಲಿ ಬಾಯಿ ಸಡಿಲ, ಒಪ್ಪುತ್ತೇನೆ. ಖಿನ್ನತೆ ಎಂದು ವೈದ್ಯರು ಬರೆದ ರಜೆಚೀಟಿಯನ್ನು ಸಹೋದ್ಯೋಗಿಗಳು ಅಳುಕಿಲ್ಲದೆ ಮ್ಯಾನೇಜರ್ ಕೈಗಿಡುತ್ತಾರೆ. ಮಾತಿನ ಚಿಕಿತ್ಸೆಗೆ ತಾವಾಗಿಯೇ ಹೆಸರು ನೋಂದಾಯಿಸಬಹುದಾದ ಸರ್ಕಾರಿ ವ್ಯವಸ್ಥೆ 2008ರಲ್ಲಿ ಆರಂಭವಾದದ್ದು. ಆದರೆ ಈ ಧಾರಾಳ ಖಿನ್ನತೆ, ಆತಂಕಗಳ ಗಡಿಗೇ ನಿಲ್ಲುತ್ತದೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆಯಾದ ಸ್ಕಿಜೋಫ್ರೇನಿಯಾದ ಹೆಸರೆತ್ತಿ ನೋಡಿ, ಎದುರಿನವರ ಮುಖ ಬಿಗಿಯುತ್ತದೆ. ಒಬ್ಬನೊಳಗೆ ಇಬ್ಬರು, ಕೈಯಲ್ಲಿ ಚಾಕು — ಇಲ್ಲಿಯವರ ಕಲ್ಪನೆಯೂ ನಮ್ಮವರದಕ್ಕಿಂತ ಬೇರೆಯಲ್ಲ. ಎರಡೂ ತಪ್ಪು ಕಲ್ಪನೆ. ಆ ಕಾಯಿಲೆಯುಳ್ಳವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಜೊತೆಗೆ ಇಲ್ಲಿಯ ಜನರದ್ದೇ ಇನ್ನೊಂದು ನಂಬಿಕೆಯಿದೆ: ಖಿನ್ನತೆಯೆಂದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆ, ಮಾತ್ರೆ ಅದನ್ನು ತುಂಬುತ್ತದೆ, ಅಷ್ಟೇ. ವಿಷಯ ಅಷ್ಟು ಸರಳವಲ್ಲವೆಂದು ಸಂಶೋಧಕರು ಹೇಳುತ್ತಲೇ ಇದ್ದಾರೆ. ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವ ನಮ್ಮ ಚಿಕ್ಕಪ್ಪನಷ್ಟೇ ಅವಸರ ಈ ವಿವರಣೆಗೂ ಇದೆ.

ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು, ಅಲ್ಲಿಗೆ ಹೋದರೆ ಹುಚ್ಚನೆಂಬ ಹಣೆಪಟ್ಟಿ ಖಚಿತ — ಇದು ಊರಿನವರು ಹೇಳುವ ಮತ್ತೊಂದು ಮಾತು. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ಇಂಗ್ಲೆಂಡಿನಲ್ಲಿ ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಸರದಿಯಲ್ಲಿ ನಿಂತವರನ್ನು ಬಲ್ಲ ನನಗೆ ಇದು ಚಿಕ್ಕ ಸಂಗತಿಯಾಗಿ ಕಾಣುವುದಿಲ್ಲ.

ಮನೆಯವರ ಪಾತ್ರದ ವಿಷಯದಲ್ಲಿ ಮಾತ್ರ ಎರಡು ಕಡೆಯೂ ನನಗೆ ತಕರಾರು. ಇಲ್ಲಿ ವಯಸ್ಕ ಮಗ ಒಪ್ಪದಿದ್ದರೆ ಅವನ ಚಿಕಿತ್ಸೆಯ ವಿವರವನ್ನು ತಾಯಿಗೂ ಹೇಳುವುದು ಅಪರೂಪ, ಆಕೆ ಬಾಗಿಲ ಹೊರಗೇ ಉಳಿಯುತ್ತಾಳೆ. ನಮ್ಮಲ್ಲಿ ಅಪ್ಪ, ಮಾವ, ಭಾವ ಎಲ್ಲರೂ ವೈದ್ಯರ ಕೋಣೆಯೊಳಗೆ, ರೋಗಿಯ ಪರವಾಗಿ ಉತ್ತರ ಕೊಡುವವರೂ ಅವರೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೊಂದು ಮಧ್ಯದ ದಾರಿ ಮಾಡಿದೆ. ಯಾವ ವಯಸ್ಕರಾದರೂ ತಮ್ಮ ಪರ ನಿಲ್ಲುವ ಪ್ರತಿನಿಧಿಯೊಬ್ಬರನ್ನು ತಾವೇ ಹೆಸರಿಸಬಹುದು. ಒಂದು ಬಿಳಿ ಹಾಳೆ, ಅದರ ಮೇಲೊಂದು ಸಹಿ ಅಥವಾ ಹೆಬ್ಬೆಟ್ಟು ಸಾಕು. ಮದುವೆಯಾದ ಹೆಣ್ಣುಮಗಳು ಗಂಡನನ್ನೇ ಹೆಸರಿಸಬೇಕೆಂದಿಲ್ಲ, ಒಪ್ಪಿದರೆ ಅಕ್ಕನೋ ಗೆಳತಿಯೋ ಆಗಬಹುದು.